ಮುಂದಿನ ಪ್ರಶ್ನೆ ಯಾವುದು? ಎಕ್ಸ್‌ಪ್ಲೋರೇಟರಿ ಟೆಸ್ಟಿಂಗ್‌ನಲ್ಲಿ ಪಳಗುವುದು ಅಂದರೆ ಏನು

ಸಾವಿರಾರು ಆಟೊಮೇಟೆಡ್ ಟೆಸ್ಟ್‌ಗಳು ರಾತ್ರಿಯಿಡೀ ಓಡಿವೆ. ಬೆಳಿಗ್ಗೆ ನೋಡಿದರೆ ಎಲ್ಲವೂ ಹಸಿರು, ಅಂದರೆ ಎಲ್ಲವೂ ಪಾಸ್. ಆಪ್ ಬಿಡುಗಡೆಯಾಗುತ್ತದೆ. ಯಾರೋ ಒಬ್ಬರು ಅದನ್ನು ತೆರೆದು ಏನೋ ಟೈಪ್ ಮಾಡುತ್ತಿರುವಾಗ ಫೋನ್ ಬರುತ್ತದೆ. ಮಾತಾಡಿ ಮುಗಿಸಿ, ವಾಪಸ್ ಬಂದು 'ಉಳಿಸು' ಒತ್ತುತ್ತಾರೆ. ಬರೆದದ್ದೆಲ್ಲ ಮಾಯ.

ಹಸಿರು ದೀಪಗಳು ಸುಳ್ಳು ಹೇಳಿರಲಿಲ್ಲ. ಕೇಳಿದ ಪ್ರಶ್ನೆಗಳಿಗೆ ಅವು ಸರಿಯಾಗಿಯೇ ಉತ್ತರ ಕೊಟ್ಟಿದ್ದವು. ನಡುವೆ ಫೋನ್ ಬಂದರೆ ಏನಾಗುತ್ತದೆ ಅಂತ ಯಾರೂ ಕೇಳಿರಲಿಲ್ಲ, ಅಷ್ಟೇ.

ಹೀಗೆ ಯಾರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಹುಡುಕಿ ಕೇಳುವ ಕೆಲಸಕ್ಕೆ ಎಕ್ಸ್‌ಪ್ಲೋರೇಟರಿ ಟೆಸ್ಟಿಂಗ್ ಅನ್ನುತ್ತಾರೆ. ಎಐ ಬಂದ ಮೇಲೆ ಕೋಡ್ ಬರೆಯುವ ವೇಗ ಜಾಸ್ತಿಯಾಗಿದೆ. ಟೆಸ್ಟ್‌ಗಳನ್ನೂ ಅದೇ ಬರೆದು ಕೊಡುತ್ತಿದೆ. ಹಾಗಿದ್ದಮೇಲೆ ಮನುಷ್ಯ ಕೂತು ನೋಡುವ ಟೆಸ್ಟಿಂಗ್‌ನಲ್ಲಿ ಅಂಥದ್ದೇನಿದೆ? ಅದರಲ್ಲಿ ಒಬ್ಬರು ನುರಿತವರು, ಇನ್ನೊಬ್ಬರು ಹೊಸಬರು ಅಂತ ಹೇಳುವುದಾದರೂ ಹೇಗೆ?

## ಮೊದಲು, ಹಾಗಂದರೇನು

ಟೆಸ್ಟಿಂಗ್‌ನ ಹಳೆಯ ದಾರಿ ಹೀಗಿರುತ್ತದೆ. ಏನು ಮಾಡಬೇಕು, ಏನು ಕಾಣಬೇಕು ಅನ್ನುವುದನ್ನು ಮೊದಲೇ ಹಂತ ಹಂತವಾಗಿ ಬರೆದಿಟ್ಟುಕೊಳ್ಳುವುದು. ಇದು ಟೆಸ್ಟ್ ಕೇಸ್. ಆಮೇಲೆ ಒಬ್ಬರು ಅದನ್ನು ನೋಡಿಕೊಂಡು ಮಾಡುತ್ತಾ, ಸರಿ ಅಥವಾ ತಪ್ಪು ಅಂತ ಗುರುತು ಹಾಕುತ್ತಾ ಹೋಗುವುದು. ಆಟೊಮೇಷನ್‌ನಲ್ಲಿ ಈ ಗುರುತು ಹಾಕುವ ಕೆಲಸವನ್ನು ಪ್ರೋಗ್ರಾಮ್ ಮಾಡುತ್ತದೆ.

ಎಕ್ಸ್‌ಪ್ಲೋರೇಟರಿ ಟೆಸ್ಟಿಂಗ್‌ನಲ್ಲಿ ಮುಂದಿನ ಹೆಜ್ಜೆ ಮೊದಲೇ ಬರೆದಿರುವುದಿಲ್ಲ. ಈಗ ಕಂಡದ್ದನ್ನು ನೋಡಿ ಮುಂದಿನದನ್ನು ಅಲ್ಲೇ ತೀರ್ಮಾನಿಸುತ್ತಾರೆ. ಈ ಹೆಸರನ್ನು 1980ರ ದಶಕದಲ್ಲಿ ಕೊಟ್ಟವರು ಅಮೆರಿಕದ ಕೆಮ್ ಕೇನರ್. ಜೇಮ್ಸ್ ಬಾಕ್ ಎಂಬ ಇನ್ನೊಬ್ಬ ಟೆಸ್ಟರ್ ಅದನ್ನು ಚಿಕ್ಕದಾಗಿ ವಿವರಿಸಿದರು: ಕಲಿಯುವುದು, ಟೆಸ್ಟ್ ಯೋಚಿಸುವುದು, ಟೆಸ್ಟ್ ನಡೆಸುವುದು, ಈ ಮೂರೂ ಒಟ್ಟೊಟ್ಟಿಗೆ ನಡೆಯುವುದು.

ಡಾಕ್ಟರ ಹತ್ತಿರ ಹೋದದ್ದನ್ನು ನೆನಪು ಮಾಡಿಕೊಳ್ಳಿ. ಒಳಗೆ ಹೋಗುವ ಮೊದಲು ಒಂದು ಫಾರ್ಮ್ ತುಂಬಿಸುತ್ತಾರೆ. ವಯಸ್ಸು, ತೂಕ, ಶುಗರ್ ಇದೆಯಾ, ಬಿಪಿ ಇದೆಯಾ. ಎಲ್ಲರಿಗೂ ಅದೇ ಪ್ರಶ್ನೆಗಳು. ಒಳಗೆ ಹೋದ ಮೇಲೆ ಡಾಕ್ಟರು "ನೋವು ಯಾವಾಗ ಜಾಸ್ತಿ?" ಅನ್ನುತ್ತಾರೆ. ನೀವು "ಊಟ ಆದ ಮೇಲೆ" ಅಂದರೆ ಮುಂದಿನ ಪ್ರಶ್ನೆ ಒಂದು. "ಮೆಟ್ಟಿಲು ಹತ್ತುವಾಗ" ಅಂದರೆ ಮುಂದಿನದು ಪೂರ್ತಿ ಬೇರೆ. ಫಾರ್ಮ್ ಬೇಡ ಅಂತಲ್ಲ, ಅದೂ ಬೇಕು. ಆದರೆ ರೋಗ ಸಿಗುವುದು ಹೆಚ್ಚಾಗಿ ಎರಡನೆಯ ಬಗೆಯ ಮಾತುಕತೆಯಲ್ಲಿ.

ಹೊರಗಿನಿಂದ ನೋಡಿದವರಿಗೆ ಇದು ಸುಮ್ನೆ ಅಲ್ಲಿ ಇಲ್ಲಿ ಒತ್ತಿ ನೋಡುವ ಹಾಗೆ ಕಾಣುತ್ತದೆ. ಟೆಸ್ಟರ್‌ಗಳಿಗೆ ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿಲ್ಲ. ಗೊತ್ತುಗುರಿ ಇಲ್ಲದೆ ಒತ್ತಿದರೂ ಒಮ್ಮೊಮ್ಮೆ ಬಗ್, ಅಂದರೆ ಪ್ರೋಗ್ರಾಮಿನಲ್ಲಿ ಉಳಿದ ತಪ್ಪು ಸಿಗುತ್ತದೆ, ನಿಜ. ಕತ್ತಲಲ್ಲಿ ಹೊಡೆದ ಕಲ್ಲೂ ಒಮ್ಮೊಮ್ಮೆ ತಾಗುತ್ತದೆ ಅಲ್ವಾ?

## ಎಲ್ಲವನ್ನೂ ಪರೀಕ್ಷಿಸಿಬಿಟ್ಟರೆ ಆಯಿತಲ್ಲ?

ಆಗುವುದಿಲ್ಲ. ಒಂದು ಸೆಟ್ಟಿಂಗ್ಸ್ ಪುಟದಲ್ಲಿ 'ಆನ್' ಅಥವಾ 'ಆಫ್' ಮಾಡುವ 10 ಸ್ವಿಚ್‌ಗಳಿವೆ ಅಂದುಕೊಳ್ಳಿ. ಅವುಗಳ ಎಲ್ಲ ಜೋಡಣೆಗಳು ಸೇರಿ 1,024. ಸ್ವಿಚ್ 20 ಆದರೆ 10 ಲಕ್ಷ ದಾಟುತ್ತದೆ. 30 ಆದರೆ 107 ಕೋಟಿಗೂ ಹೆಚ್ಚು. ಸೆಕೆಂಡಿಗೆ ಒಂದರಂತೆ ಬಿಡದೆ ಪರೀಕ್ಷಿಸಿದರೂ ಸುಮಾರು 34 ವರ್ಷ ಬೇಕು. ಇದು ಬರೀ ಸ್ವಿಚ್‌ಗಳ ಲೆಕ್ಕ. ಫೋನಿನ ಮಾದರಿ, ನೆಟ್ ವೇಗ, ಬ್ಯಾಟರಿ, ಯಾವುದನ್ನು ಮೊದಲು ಒತ್ತಿದರು, ಯಾವುದನ್ನು ಆಮೇಲೆ ಒತ್ತಿದರು, ಇವು ಯಾವುವೂ ಈ ಲೆಕ್ಕದಲ್ಲಿ ಇಲ್ಲ.

ಅಂದರೆ ಪ್ರತಿ ಟೆಸ್ಟರ್ ಕೂಡ ಕೋಟಿಗಳಲ್ಲಿ ಕೆಲವನ್ನಷ್ಟೇ ಆರಿಸಿಕೊಳ್ಳಬೇಕು. ಒಬ್ಬರ ಆಯ್ಕೆ ಚೆನ್ನಾಗಿರುತ್ತದೆ, ಇನ್ನೊಬ್ಬರದು ಇರುವುದಿಲ್ಲ. ನನ್ನ ಪ್ರಕಾರ ಕೌಶಲ ಅನ್ನುವುದು ಹೆಚ್ಚುಕಡಿಮೆ ಪೂರ್ತಿ ಇಲ್ಲೇ ಇದೆ. ಹೀಗೆ ಬರೀ ಹೇಳಿದರೆ ಸಾಲದು, ಒಬ್ಬ ಟೆಸ್ಟರ್ ಪಕ್ಕದಲ್ಲಿ ಕೂತು ಒಂದು ಸೆಷನ್ ನೋಡೋಣ.

## ಅಳಿಸಿದ ರಿಮೈಂಡರ್ ಬಾರಿಸಿದ ಕತೆ

ಮಾತ್ರೆ ತೆಗೆದುಕೊಳ್ಳುವ ಹೊತ್ತನ್ನು ನೆನಪಿಸುವ ಒಂದು ಆಪ್ ಇದೆ ಅಂದುಕೊಳ್ಳಿ. ಟೆಸ್ಟರ್ ತನ್ನ ನೋಟ್ಸ್‌ನ ಮೇಲ್ಗಡೆ ಒಂದು ಸಾಲು ಬರೆಯುತ್ತಾಳೆ: "ರಿಮೈಂಡರ್ ಸೇರಿಸುವುದು, ಬದಲಿಸುವುದು, ಅಳಿಸುವುದು. ಇವುಗಳಲ್ಲಿ ಹೊತ್ತು ತಪ್ಪುವ ದಾರಿ ಏನಾದರೂ ಇದೆಯಾ? 90 ನಿಮಿಷ." ಈ ಒಂದು ಸಾಲಿಗೆ ಚಾರ್ಟರ್ ಅನ್ನುತ್ತಾರೆ. ಎಲ್ಲಿ ಹುಡುಕಬೇಕು, ಏನನ್ನು ಹುಡುಕಬೇಕು ಅಂತ ಅದು ಹೇಳುತ್ತದೆ. ಹೇಗೆ ಅನ್ನುವುದನ್ನು ಹೇಳುವುದಿಲ್ಲ.

9:00ಕ್ಕೆ ಒಂದು ರಿಮೈಂಡರ್ ಇಡುತ್ತಾಳೆ. ಸರಿಯಾಗಿ 9:00ಕ್ಕೆ ಬಾರಿಸುತ್ತದೆ. ಬರೆದಿಟ್ಟ ಟೆಸ್ಟ್ ಕೇಸ್ ಆಗಿದ್ದರೆ ಇಲ್ಲಿಗೆ 'ಪಾಸ್'.

ಆದರೆ ಅವಳ ಕಣ್ಣು ಪಟ್ಟಿಯ ಮೇಲಿದೆ. 9:02 ಆದರೂ ಅಲ್ಲಿ "ಮುಂದಿನ ಮಾತ್ರೆ: 9:00" ಅಂತಲೇ ಇದೆ. ಆಪ್ ಮುಚ್ಚಿ ತೆರೆದರೆ ಸರಿಹೋಗುತ್ತದೆ. ಹೊಸಬರಾಗಿದ್ದರೆ "ಸ್ಕ್ರೀನ್ ರಿಫ್ರೆಶ್ ಆಗುತ್ತಿಲ್ಲ" ಅಂತ ಚಿಕ್ಕ ಬಗ್ ಒಂದನ್ನು ಬರೆದು ಮುಂದೆ ಹೋಗುತ್ತಿದ್ದರು. ಇವಳು ಅಲ್ಲೇ ನಿಲ್ಲುತ್ತಾಳೆ. ಹೊತ್ತಾಯಿತು ಅಂತ ಗಂಟೆಗೆ ಗೊತ್ತಾಗಿದೆ, ಪಟ್ಟಿಗೆ ಗೊತ್ತಾಗಿಲ್ಲ. ಹಾಗಾದರೆ ಇವೆರಡೂ ಬೇರೆ ಬೇರೆ ಕಡೆಯಿಂದ ಮಾಹಿತಿ ತರುತ್ತಿವೆಯಾ? ಹಾಗಿದ್ದರೆ ಒಂದು ಕಡೆ ಬದಲಾಯಿಸಿದ್ದು ಇನ್ನೊಂದು ಕಡೆಗೆ ತಲುಪದೆ ಹೋಗಬಹುದಾ?

ಇದು ಅವಳ ಊಹೆ. ಈಗ ಅದನ್ನು ಕೆಡವಲು ನೋಡುತ್ತಾಳೆ. 9:10ರ ರಿಮೈಂಡರನ್ನು 9:15ಕ್ಕೆ ಬದಲಿಸುತ್ತಾಳೆ. 9:10ಕ್ಕೆ ಸುಮ್ಮನಿದ್ದು 9:15ಕ್ಕೆ ಬಾರಿಸುತ್ತದೆ. 9:20ರದ್ದನ್ನು ಅಳಿಸುತ್ತಾಳೆ. ಬಾರಿಸುವುದಿಲ್ಲ. ಊಹೆಗೆ ಪೆಟ್ಟು ಬಿತ್ತು.

ಆದರೂ 9:00ರ ಆ ಎರಡು ನಿಮಿಷ ಯಾಕೆ ಹಾಗಿತ್ತು? ನೋಟ್ಸ್ ನೋಡುತ್ತಾಳೆ. ಶುರುವಿನಲ್ಲಿ ಬರೆದ ಒಂದು ಸಾಲು ಸಿಗುತ್ತದೆ: "8:57, ಲಿಫ್ಟಿನಲ್ಲಿದ್ದೆ, ನೆಟ್ ಇರಲಿಲ್ಲ, ಈಗಷ್ಟೇ ಬಂತು." ಆಮೇಲೆ ಮಾಡಿದ ಎರಡೂ ಪ್ರಯೋಗ ನಡೆದದ್ದು ನೆಟ್ ಚೆನ್ನಾಗಿದ್ದಾಗ.

ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕುತ್ತಾಳೆ. 9:30ರ ರಿಮೈಂಡರನ್ನು ಅಳಿಸುತ್ತಾಳೆ. ಪಟ್ಟಿಯಿಂದ ಅದು ಹೋಗುತ್ತದೆ. ಏರ್‌ಪ್ಲೇನ್ ಮೋಡ್ ತೆಗೆಯುತ್ತಾಳೆ. ಪಟ್ಟಿ ಖಾಲಿ. 9:30ಕ್ಕೆ ಗಂಟೆ ಬಾರಿಸುತ್ತದೆ.

ಖುಷಿಯಿಂದ ಡೆವಲಪರ್ ಹತ್ತಿರ ಓಡುವ ಹೊತ್ತು ಇನ್ನೂ ಬಂದಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು. ಏರ್‌ಪ್ಲೇನ್ ಮೋಡ್‌ನದ್ದೇ ತೊಂದರೆಯಾ, ಬರೀ ವೈಫೈ ಆಫ್ ಮಾಡಿದರೂ ಹೀಗಾಗುತ್ತದಾ? ಈಗಷ್ಟೇ ಇಟ್ಟ ರಿಮೈಂಡರಿಗೆ ಮಾತ್ರವಾ, ನಿನ್ನೆ ಇಟ್ಟದ್ದಕ್ಕೂ ಹೀಗೇನಾ? ಬೇರೆ ಫೋನಿನಲ್ಲಿ? ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುತ್ತಾಳೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅನ್ನುವುದೇ ತಿಳಿಯುವುದಿಲ್ಲ. ಕೊನೆಗೆ ಚಿತ್ರ ಸ್ಪಷ್ಟವಾಗುತ್ತದೆ. ಅಳಿಸಿದ್ದು ಫೋನಿನಲ್ಲಿ ಮಾತ್ರ ಅಳಿಯುತ್ತಿದೆ. ಗಂಟೆ ಬಾರಿಸು ಅಂತ ಹೇಳುವುದು ಸರ್ವರ್, ಅಂದರೆ ನೆಟ್ ಮೂಲಕ ಆಪ್ ಜೊತೆ ಮಾತಾಡುವ ಬೇರೊಂದು ಕಂಪ್ಯೂಟರ್. ನೆಟ್ ಇಲ್ಲದಾಗ ಅಳಿಸಿದ ಸುದ್ದಿ ಸರ್ವರಿಗೆ ಹೋಗಿಲ್ಲ, ನೆಟ್ ಬಂದ ಮೇಲೂ ಆಪ್ ಅದನ್ನು ಮತ್ತೆ ಕಳಿಸಿಲ್ಲ.

ಇನ್ನೊಂದು ಪ್ರಶ್ನೆ ಬಾಕಿ ಇದೆ: ಇದರಿಂದ ಯಾರಿಗೆ ಏನು ತೊಂದರೆ? ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿದ್ದಾರೆ. ವಯಸ್ಸಾದವರೊಬ್ಬರು ಹಳೆಯ ರಿಮೈಂಡರ್ ಅಳಿಸಿ ಹೊಸದನ್ನು ಇಟ್ಟಿದ್ದಾರೆ. ಎರಡೂ ಬಾರಿಸುತ್ತವೆ. ಮಾತ್ರೆ ಎರಡು ಸಲ ಹೊಟ್ಟೆಗೆ ಹೋಗುತ್ತದೆ. ಸ್ಕ್ರೀನ್ ರಿಫ್ರೆಶ್ ಆಗಿಲ್ಲ ಅಂತ ಶುರುವಾದ ವಿಷಯ ಎಲ್ಲಿಗೆ ಬಂತು ನೋಡಿ.

## ತಪ್ಪು ಅಂತ ಗೊತ್ತಾಗುವುದು ಹೇಗೆ

ಮೇಲಿನ ಕತೆಯಲ್ಲಿ ಇದು ಸುಲಭವಾಗಿತ್ತು. ಅಳಿಸಿದ್ದು ಬಾರಿಸಿದರೆ ತಪ್ಪೇ. ಎಲ್ಲ ಸಲ ಹಾಗಿರುವುದಿಲ್ಲ. ಪುಟ ತೆರೆಯಲು 4 ಸೆಕೆಂಡ್ ಹಿಡಿಯುತ್ತದೆ. ಅದು ಬಗ್ಗಾ? ಪಟ್ಟಿಯಲ್ಲಿ ಹೆಸರುಗಳ ಕ್ರಮ ಒಂದು ಥರ ಇದೆ. ಅದು ಬೇಕಂತಲೇ ಮಾಡಿದ್ದಾ? ಹೀಗೇ ಇರಬೇಕು ಅಂತ ಬರೆದ ದಾಖಲೆ ಎಷ್ಟೋ ಸಲ ಇರುವುದೇ ಇಲ್ಲ.

ಸರಿ ತಪ್ಪು ತೀರ್ಮಾನಿಸಲು ಟೆಸ್ಟರ್ ಇಟ್ಟುಕೊಳ್ಳುವ ಅಳತೆಗೋಲಿಗೆ ಈ ವೃತ್ತಿಯಲ್ಲಿ ಒರಾಕಲ್ ಅನ್ನುತ್ತಾರೆ. ಹಳೆಯ ಗ್ರೀಸಿನಲ್ಲಿ ಕಣಿ ಹೇಳುತ್ತಿದ್ದವರನ್ನು ಇಂಗ್ಲಿಷಿನಲ್ಲಿ ಹೀಗೆ ಕರೆಯುತ್ತಾರೆ. ಕಣಿಯ ಹಾಗೆಯೇ ಇದೂ ನೂರಕ್ಕೆ ನೂರು ನಂಬುವಂಥದ್ದಲ್ಲ. ಅದಕ್ಕೇ ನುರಿತವರು ಒಂದೇ ಒರಾಕಲ್ ನೆಚ್ಚಿಕೊಂಡು ಕೂರುವುದಿಲ್ಲ. ಹಳೆಯ ಆವೃತ್ತಿಯಲ್ಲಿ ಇದು ಹೇಗಿತ್ತು? ಇದೇ ಆಪ್‌ನ ಬೇರೆ ಪುಟದಲ್ಲಿ ಹೇಗಿದೆ? ಇಂಥದ್ದೇ ಬೇರೆ ಆಪ್‌ಗಳು ಏನು ಮಾಡುತ್ತವೆ? ಜಾಹೀರಾತಿನಲ್ಲಿ ಏನು ಹೇಳಿದ್ದಾರೆ? ಬಳಸುವವರು ಏನು ನಿರೀಕ್ಷಿಸುತ್ತಾರೆ? ಕಾನೂನು ಏನನ್ನುತ್ತದೆ? ಇವುಗಳಲ್ಲಿ ಯಾವುದಕ್ಕೆ ಹೊಂದದಿದ್ದರೂ ಒಂದು ಪ್ರಶ್ನೆ ಎತ್ತಲು ಜಾಗ ಸಿಕ್ಕಿತು.

ಕೆಲವೊಮ್ಮೆ ಇವು ಯಾವುದೂ ಹೊಳೆಯುವ ಮೊದಲೇ ಏನೋ ಕಿರಿಕಿರಿ ಅನ್ನಿಸುತ್ತದೆ. ಕಾಯುತ್ತಾ ಬೇಸರ ಬಂತು. ಎರಡು ಸಲ ಓದಿದರೂ ಆ ಮೆಸೇಜ್ ಅರ್ಥವಾಗಲಿಲ್ಲ. ಹೊಸಬರು "ನನಗೇ ಗೊತ್ತಾಗಲಿಲ್ಲ" ಅಂದುಕೊಂಡು ಸುಮ್ಮನಾಗುತ್ತಾರೆ. ಪಳಗಿದವರು ಆ ಕಿರಿಕಿರಿಯನ್ನೇ ಸುಳಿವು ಅಂತ ಹಿಡಿಯುತ್ತಾರೆ. ನನಗೆ ಅರ್ಥವಾಗದ್ದು ಸಾವಿರ ಜನಕ್ಕೆ ಅರ್ಥವಾಗದೆ ಇರಬಹುದು.

## ಎಲ್ಲಿ ಅಗೆಯಬೇಕು

ಬಗ್‌ಗಳು ಎಲ್ಲ ಕಡೆ ಸಮನಾಗಿ ಹರಡಿಕೊಂಡಿರುವುದಿಲ್ಲ. ಅವುಗಳಿಗೆ ಇಷ್ಟವಾದ ಮೂಲೆಗಳಿವೆ. ಪಳಗಿದವರ ತಲೆಯಲ್ಲಿ ಆ ಮೂಲೆಗಳ ನಕ್ಷೆ ಇರುತ್ತದೆ. ಖಚಿತ ನಿಯಮ ಅಲ್ಲದಿದ್ದರೂ ಸಾಮಾನ್ಯವಾಗಿ ಕೆಲಸಕ್ಕೆ ಬರುವ ಇಂಥ ಸೂತ್ರಗಳಿಗೆ ಹ್ಯೂರಿಸ್ಟಿಕ್ ಅಂತ ಹೆಸರು.

ಅಂಚು ಅಂಥ ಒಂದು ಮೂಲೆ. 1ರಿಂದ 100ರ ತನಕ ಬರೆಯಬಹುದು ಅಂದರೆ 57 ಹಾಕಿ ನೋಡುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. 0, 1, 100, 101 ಹಾಕಿ ನೋಡಬೇಕು. ಕಾಲಕ್ಕೂ ಅಂಚುಗಳಿವೆ. ಮೈಕ್ರೋಸಾಫ್ಟ್‌ನ ಝೂನ್ ಅನ್ನುವ ಮ್ಯೂಸಿಕ್ ಪ್ಲೇಯರ್‌ನ ಒಂದು ಮಾದರಿ 2008ರ ಡಿಸೆಂಬರ್ 31ರಂದು ಇದ್ದಕ್ಕಿದ್ದಂತೆ ನಿಂತುಹೋಯಿತು. ಆ ವರ್ಷ ಫೆಬ್ರವರಿಗೆ 29 ದಿನ, ಹಾಗಾಗಿ ಅದು ವರ್ಷದ 366ನೇ ದಿನ. ದಿನ ಎಣಿಸುವ ಕೋಡ್ ಅಲ್ಲೇ ಗಿರಕಿ ಹೊಡೆಯುತ್ತಾ ಉಳಿಯಿತು. ವಿಂಡೋಸ್ 95ರಲ್ಲಿ ಇನ್ನೊಂದು ಬಗೆಯ ಅಂಚಿತ್ತು. ಕಂಪ್ಯೂಟರ್ ಶುರುವಾದಾಗಿನಿಂದ ಮಿಲಿಸೆಕೆಂಡ್‌ಗಳನ್ನು ಎಣಿಸುತ್ತಿದ್ದ 32 ಬಿಟ್‌ನ ಜಾಗ 49.7 ದಿನಕ್ಕೆ ತುಂಬುತ್ತಿತ್ತು. ಅಷ್ಟು ದಿನ ಆಫ್ ಮಾಡದೆ ಇಟ್ಟರೆ ಕಂಪ್ಯೂಟರ್ ಹ್ಯಾಂಗ್ ಆಗಬಹುದಿತ್ತು. ಇದನ್ನು ಸ್ಕ್ರೀನಿನ ಯಾವುದೋ ಬಾಕ್ಸಿನಲ್ಲಿ ಏನೋ ಟೈಪ್ ಮಾಡಿ ಹಿಡಿಯಲು ಸಾಧ್ಯವಿಲ್ಲ. "ಇಲ್ಲಿ ಏನೋ ಎಣಿಸುತ್ತಿದ್ದಾರೆ, ಎಣಿಕೆ ತುಂಬಿದರೆ?" ಅನ್ನುವ ಪ್ರಶ್ನೆಯೇ ಬರಬೇಕು.

ಇನ್ನೊಂದು ಮೂಲೆ, ಹಳೆಯ ಭಾಗವನ್ನು ಹೊಸ ಜಾಗಕ್ಕೆ ತಂದು ಕೂರಿಸಿದ ಕಡೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಒಂದು ನಿಮಿಷವೂ ಆಗುವ ಮೊದಲು ಸಿಡಿದುಹೋಯಿತು. ಏರಿಯಾನ್ 4ರಲ್ಲಿ ಚೆನ್ನಾಗಿ ನಡೆಯುತ್ತಿದ್ದ ಕೋಡ್ ಅದರಲ್ಲಿತ್ತು. ಹೊಸ ರಾಕೆಟ್ಟಿನ ವೇಗದ ಅಂಕಿ, ಅದಕ್ಕೆ ಕೊಟ್ಟಿದ್ದ 16 ಬಿಟ್‌ನ ಜಾಗದಲ್ಲಿ ಹಿಡಿಸಲಿಲ್ಲ. "ಅದು ಮೊದಲಿಂದಲೂ ಸರಿಯಾಗಿದೆ" ಅನ್ನುವ ಮಾತು ಕೇಳಿದ ಕೂಡಲೇ ಒಳ್ಳೆಯ ಟೆಸ್ಟರ್‌ಗಳ ಕಿವಿ ನೆಟ್ಟಗಾಗುವುದು ಇದಕ್ಕೇ.

ನಮ್ಮ ಲಿಪಿಯೂ ಒಳ್ಳೆಯ ಅಂಚು. 'ಸ್ತ್ರೀ' ಅಂತ ಬರೆಯಿರಿ. ಓದುವವರಿಗೆ ಅದು ಒಂದು ಅಕ್ಷರ. ಕಂಪ್ಯೂಟರಿನಲ್ಲಿ ಲಿಪಿಗಳ ಒಂದೊಂದು ಗುರುತಿಗೂ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯ ಲೆಕ್ಕದಲ್ಲಿ ಆರು: ಸ, ಹಲಂತದ ಗುರುತು (್), ತ, ಮತ್ತೆ ಹಲಂತದ ಗುರುತು, ರ, ದೀರ್ಘ ಈಕಾರದ ಗುರುತು. ಆ ಸಂಖ್ಯೆಗಳನ್ನು ಬೈಟ್ ರೂಪದಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ ಉಳಿಸಿದರೆ 18 ಬೈಟ್. ಹೆಸರಿಗೆ "20 ಅಕ್ಷರ ಮಾತ್ರ" ಅಂತ ಮಿತಿ ಹಾಕಿದವರು ಈ ಮೂರರಲ್ಲಿ ಯಾವುದನ್ನು ಎಣಿಸಿದ್ದಾರೆ? ಒತ್ತಕ್ಷರದ ನಡುವೆ ಕತ್ತರಿಸಿದರೆ ಏನು ಕಾಣುತ್ತದೆ? ಇದು ಚಿಲ್ಲರೆ ವಿಷಯ ಅನ್ನಿಸಿದರೆ 2018ರ ಫೆಬ್ರವರಿ ನೆನಪು ಮಾಡಿಕೊಳ್ಳಿ. ತೆಲುಗಿನ ಒಂದೇ ಒಂದು ಒತ್ತಕ್ಷರವನ್ನು ಮೆಸೇಜ್‌ನಲ್ಲಿ ಕಳಿಸಿದರೆ ಐಫೋನ್‌ನ ಆಪ್‌ಗಳು ಕುಸಿದು ಬೀಳುತ್ತಿದ್ದವು. ಆಪಲ್ ಅದಕ್ಕೆಂದೇ ಅಪ್‌ಡೇಟ್ ಬಿಡಬೇಕಾಯಿತು.

## ಕಣ್ಣ ಮುಂದೆ ಇದ್ದರೂ ಕಾಣದ್ದು

1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ವಿಡಿಯೊದಲ್ಲಿ ಕೆಲವರು ಬಾಲ್ ಪಾಸ್ ಮಾಡುತ್ತಿರುತ್ತಾರೆ. ಒಂದು ತಂಡ ಎಷ್ಟು ಸಲ ಪಾಸ್ ಮಾಡಿತು ಅಂತ ಎಣಿಸಬೇಕು. ನಡುವೆ ಗೊರಿಲ್ಲಾ ವೇಷದವರೊಬ್ಬರು ನಡೆದುಕೊಂಡು ಹೋಗುತ್ತಾರೆ. ಎಣಿಸುತ್ತಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ.

ಟೆಸ್ಟ್ ಕೇಸ್ ಹಿಡಿದುಕೊಂಡು "ಒಟ್ಟು ಮೊತ್ತ ಸರಿ ಇದೆಯಾ" ಅಂತ ನೋಡುತ್ತಾ ಕೂತವರಿಗೂ ಇದೇ ಆಗುತ್ತದೆ. ಮೊತ್ತ ಸರಿ ಇರುತ್ತದೆ, ಮೇಲ್ಗಡೆ ಬೇರೆಯವರ ಹೆಸರು ಕಾಣುತ್ತಿರುತ್ತದೆ. ಇದು ಉದಾಸೀನ ಅಲ್ಲ, ಗಮನ ಅನ್ನುವುದು ಕೆಲಸ ಮಾಡುವುದೇ ಹೀಗೆ. ನುರಿತವರಿಗೂ ಇದರಿಂದ ಬಿಡುಗಡೆ ಇಲ್ಲ. ಅವರು ಮಾಡುವುದೆಂದರೆ, ಒಮ್ಮೆ ಗುರಿಯಿಟ್ಟು ನೋಡಿ ಇನ್ನೊಮ್ಮೆ ಯಾವ ಗುರಿಯೂ ಇಲ್ಲದೆ ಇಡೀ ಸ್ಕ್ರೀನ್ ನೋಡುವುದು. ಸ್ಕ್ರೀನ್ ರೆಕಾರ್ಡ್ ಮಾಡಿಟ್ಟು ಆಮೇಲೆ ನೋಡುವುದು. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳುವುದು. ಇಬ್ಬರಲ್ಲಿ ಒಬ್ಬರು ಎಣಿಸುತ್ತಿದ್ದರೆ ಇನ್ನೊಬ್ಬರಿಗೆ ಗೊರಿಲ್ಲಾ ಕಾಣಬಹುದು.

## ಬರೆದಿಡದಿದ್ದರೆ ಕೆಲಸ ಅರ್ಧ

ಲಿಫ್ಟಿನ ಆ ಒಂದು ಸಾಲು ನೋಟ್ಸ್‌ನಲ್ಲಿ ಇಲ್ಲದಿದ್ದರೆ ರಿಮೈಂಡರ್ ಬಗ್ ಸಿಗುತ್ತಲೇ ಇರಲಿಲ್ಲ. ಬಗ್ ಕಂಡ ಖುಷಿಯಲ್ಲಿ ಹೆಜ್ಜೆ ಬರೆದುಕೊಳ್ಳದೆ, ಡೆವಲಪರ್ ಎದುರು ಅದನ್ನು ಮತ್ತೆ ತೋರಿಸಲಾಗದೆ ತಲೆ ತಗ್ಗಿಸಿ ಕೂತ ಅನುಭವ ನನಗೂ ಉಂಟು. ಒಮ್ಮೆ ಹಾಗಾದ ಮೇಲೆ ಪೆನ್ನು ಕೈ ಬಿಡುವುದಿಲ್ಲ.

ಮೊದಲೇ ಬರೆದ ಹಂತಗಳಿಲ್ಲ ಅಂದರೆ ಲೆಕ್ಕವೇ ಇಲ್ಲ ಅಂತಲ್ಲ. 2000ದ ಹೊತ್ತಿಗೆ ಜೇಮ್ಸ್ ಬಾಕ್ ಮತ್ತು ಅವರ ತಮ್ಮ ಜೊನಾಥನ್ ಬಾಕ್ ಸೆಷನ್ ಪದ್ಧತಿ ರೂಪಿಸಿದರು. ಒಂದು ಚಾರ್ಟರ್, ಸುಮಾರು ಒಂದೂವರೆ ಗಂಟೆ, ಯಾರೂ ಅಡ್ಡ ಬರುವಂತಿಲ್ಲ. ನಡೆದದ್ದಕ್ಕೆಲ್ಲ ನೋಟ್ಸ್. ಮುಗಿದ ಮೇಲೆ ತಂಡದ ಲೀಡ್ ಜೊತೆ ಕೂತು ಸ್ವಲ್ಪ ಮಾತು. ಏನು ನೋಡಿದೆ, ಏನು ಸಿಕ್ಕಿತು, ಏನನ್ನು ನೋಡಲು ಆಗಲಿಲ್ಲ. ಮೂರನೆಯದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡುವುದನ್ನು ನಾನು ದೊಡ್ಡ ಕೌಶಲ ಅಂತಲೇ ಎಣಿಸುತ್ತೇನೆ. "ನೆಟ್ ಇಲ್ಲದಾಗ ಬದಲಿಸುವುದನ್ನು ನೋಡಿಲ್ಲ, ಅಳಿಸುವುದನ್ನಷ್ಟೇ ನೋಡಿದ್ದೇನೆ" ಅನ್ನುವ ಮಾತಿನಲ್ಲಿ ಮುಂದಿನ ಸೆಷನ್‌ನ ಚಾರ್ಟರ್ ಸಿದ್ಧವಾಗಿಯೇ ಇದೆ.

ಬಗ್ ರಿಪೋರ್ಟ್ ಬರೆಯುವುದೂ ಇದರ ಭಾಗವೇ. "ರಿಮೈಂಡರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ" ಅಂದರೆ ಯಾರಿಗೂ ಉಪಯೋಗವಿಲ್ಲ. "ನೆಟ್ ಇಲ್ಲದಾಗ ಅಳಿಸಿದ ರಿಮೈಂಡರ್, ನೆಟ್ ಬಂದ ಮೇಲೂ ಬಾರಿಸುತ್ತದೆ, ಮಾತ್ರೆ ಎರಡು ಸಲ ತೆಗೆದುಕೊಳ್ಳುವ ಅಪಾಯ" ಅಂದರೆ ಓದಿದವರು ಎದ್ದು ಕೂರುತ್ತಾರೆ.

## ಹಾಗಾದರೆ ಆಟೊಮೇಷನ್?

ಇವೆರಡೂ ಎದುರಾಳಿಗಳಲ್ಲ. ಟೆಸ್ಟರ್ ಮೈಕಲ್ ಬೋಲ್ಟನ್ 'ಚೆಕಿಂಗ್' ಮತ್ತು 'ಟೆಸ್ಟಿಂಗ್' ಅಂತ ಬೇರ್ಪಡಿಸಿ ಹೇಳುತ್ತಾರೆ. ಗೊತ್ತಿರುವ ವಿಷಯ ಇನ್ನೂ ಹಾಗೇ ಇದೆಯಾ ಅಂತ ನೋಡುವುದು ಚೆಕಿಂಗ್. ಅದನ್ನು ಮೆಷಿನ್‌ಗೆ ಬಿಡುವುದೇ ಒಳ್ಳೆಯದು, ಅದಕ್ಕೆ ಬೇಸರ ಬರುವುದಿಲ್ಲ. ಗೊತ್ತಿಲ್ಲದ್ದನ್ನು ಕೆದಕುವುದು ಟೆಸ್ಟಿಂಗ್. ರಿಮೈಂಡರ್ ಬಗ್ ಸರಿಮಾಡಿದ ಮೇಲೆ ಅದಕ್ಕೊಂದು ಆಟೊಮೇಟೆಡ್ ಚೆಕ್ ಬರೆದರೆ ಅದು ತಿರುಗಿ ಬಂದಾಗ ರಾತ್ರೋರಾತ್ರಿ ಗೊತ್ತಾಗುತ್ತದೆ. ಎಐಯನ್ನೂ ಹೀಗೇ ಬಳಸುವವರಿದ್ದಾರೆ. ನೂರು ಬಗೆಯ ವಿಚಿತ್ರ ಹೆಸರುಗಳ ಪಟ್ಟಿ ಬೇಕೆಂದರೆ ಕ್ಷಣದಲ್ಲಿ ಕೊಡುತ್ತದೆ. ಅವುಗಳಲ್ಲಿ ಯಾವುದನ್ನು ಮೊದಲು ಹಾಕಿ ನೋಡಬೇಕು ಅನ್ನುವುದು ಆ ಹೊತ್ತಿಗೆ ಆಪ್ ಬಗ್ಗೆ ನೀವು ಏನು ಕಲಿತಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

## ಕೈ ಪಳಗಿಸಬೇಕೆಂದರೆ

ಇದಕ್ಕೆ ಕೋಡ್ ಬರಲೇಬೇಕೆಂದಿಲ್ಲ. ಬಂದರೆ ಅನುಕೂಲ, ಯಾಕೆಂದರೆ ಒಳಗೆ ಏನು ನಡೆಯುತ್ತಿರಬಹುದು ಅಂತ ಊಹಿಸುವುದು ಸುಲಭವಾಗುತ್ತದೆ. ಅಭ್ಯಾಸಕ್ಕೆ ನಿಮ್ಮ ಫೋನಿನ ಅಲಾರಂ ಸಾಕು. ಒಂದು ಚಾರ್ಟರ್ ಬರೆಯಿರಿ, ಅರ್ಧ ಗಂಟೆ ಇಟ್ಟುಕೊಳ್ಳಿ, ಪೆನ್ನು ಹಿಡಿದು ಕೂರಿ. ಒಂದೇ ಹೊತ್ತಿಗೆ ಎರಡು ಅಲಾರಂ ಇಟ್ಟರೆ ಏನಾಗುತ್ತದೆ ನೋಡಿ. ಫೋನಿನ ಗಡಿಯಾರವನ್ನು ಅಲಾರಂ ಹೊತ್ತು ದಾಟಿಸಿ ಮುಂದೆ ಹಾಕಿ ನೋಡಿ. ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿರುವಾಗ ಬಾರಿಸುವಂತೆ ಮಾಡಿ. ಪ್ರತಿ ಸಲವೂ ಏನಾಗುತ್ತದೆ ಅಂತ ಮೊದಲು ಊಹಿಸಿ ಬರೆದುಕೊಳ್ಳಿ, ಆಮೇಲೆ ಒತ್ತಿ. ಊಹೆ ಎಲ್ಲಿ ತಪ್ಪಿತೋ ಅಲ್ಲಿ ನಿಂತು ಇನ್ನೊಂದು ಪ್ರಶ್ನೆ ಕೇಳಿ. ಬಾರಿಸುತ್ತಿರುವಾಗಲೇ ಅಳಿಸಿದರೆ? ಸ್ನೂಜ್ ಒತ್ತಿ, ಅದು ತಿರುಗಿ ಬಾರಿಸುವ ಮೊದಲು ಫೋನ್ ಆಫ್ ಮಾಡಿ ಆನ್ ಮಾಡಿದರೆ?